ಸುರೇಂದ್ರ ಅಂದರೆ ಯಾರು?

ಸೂಗಪ್ಪ ತನ್ನ ಮಗನಿಗೆ ಇಡುವ ಹೆಸರನ್ನು ಮುಂಬೈಯಿಂದ ಬಂದ ಔಷಧದ ಪೆಟ್ಟಿಗೆಯ ಮೇಲೆ ಓದಿದ. ವಾಡಿ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತನಿಗೆ ದಿನಾ ಎಷ್ಟೋ ಹೆಸರುಗಳು ಕಣ್ಣಿಗೆ ಬೀಳುತ್ತಿದ್ದವು. ಇದೊಂದು ಬೆಲ್ಲದ ಹಾಗೆ ನಾಲಿಗೆಗೆ ಅಂಟಿತು. ರಜಾಕಾರರ ಗದ್ದಲ ಅಡಗಿದ ಮೇಲೆ ಕೂಸುಗಳಿಗೆ ಸಂಸ್ಕೃತದ ಹೆಸರಿಡುವ ಹುಚ್ಚು ಊರಿಗೇ ಹತ್ತಿತ್ತು. ಅರ್ಥ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಓಣಿಯೆಲ್ಲ ಬಾಯಿ ಹಾಕುತ್ತದೆಂದು ತೊಟ್ಟಿಲ ದಿನದವರೆಗೂ ತುಟಿ ಹೊಲಿದುಕೊಂಡ.

"ನನಗರ ಹೇಳೋ ಸೂಗಪ್ಪಾ, ಯಾರಿಗೂ ಹೇಳಂಗಿಲ್ಲ," ಪಕ್ಕದ ಮನೆಯ ಅಖ್ತರ ಬೇಗಂ ಬೆಳಗಿನಿಂದ ಬಾಗಿಲು ಬಿಟ್ಟು ಕದಲಿರಲಿಲ್ಲ.

"ನಿಮಗ ಹೇಳಿದ್ರ ಡಂಗುರದವನಿಗಿ ಕೆಲಸ ಇರಂಗಿಲ್ಲ, ಖಾಲಾ."

ಅವನ ಅಂಜಿದ ಕಣ್ಣು ಅಂಗಳದಲ್ಲಿ ಮೀಸೆ ತಿರುವುತ್ತ ಕೂತಿದ್ದ ಸೇಡಂನ ಮಾವನ ಮೇಲಿತ್ತು. ಅಕ್ಕ ಲಲಿತಾಬಾಯಿಯ ಗಂಡ ದೇವಿಂದ್ರಪ್ಪ ಹೋದ ಪಂಚಮಿಗೆ ಎಲೆಗೆ ಸುಣ್ಣ ಹೆಚ್ಚಾಯಿತೆಂದು ಸಿಟ್ಟಿಗೆದ್ದು, ಹೆಂಡತಿಯನ್ನು ಈ ಒಂದೇ ಕೋಣೆಯ ಮನೆಯಲ್ಲಿ ಬಿಟ್ಟು ಹೋದವನು ದೀಪಾವಳಿವರೆಗೆ ಇತ್ತ ಹಾಯಲಿಲ್ಲ. ಈ ಸಲ ಬರುತ್ತಲೇ ಹೇಳಿದ್ದ: "ಇನ್ನೊಮ್ಮಿ ನನ್ನ ಮರ್ಯಾದಿ ಹೋದ್ರ ನಿಮ್ಮಕ್ಕಗ ನೀನೇ ಇಟ್ಕೊ. ಕರಿಲಿಕ್ಕ ಬರಂಗಿಲ್ಲ."

ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ತೊಟ್ಟಿಲ ಮುಂದೆ ಸೂಗಪ್ಪ ಅಕ್ಕನಿಗೆ ಮೆಲ್ಲಗೆ ಹೇಳಿದ: "ಸುರೇಂದ್ರ." ಪಕ್ಕದಲ್ಲಿದ್ದ ಮಠದ ಅಯ್ಯನವರಿಗೂ ಕೇಳಿಸಿಬಿಟ್ಟಿತು.

"ಭೇಷ್! ಸುರರು ಅಂದ್ರ ದೇವತೆಗಳು. ಅವರಿಗಿ ಇಂದ್ರ. ಅಂದ್ರ ದೇವೇಂದ್ರ!"

ಬಾಗಿದ್ದ ಲಲಿತಾಬಾಯಿ ಹಾವು ತುಳಿದವಳಂತೆ ನೆಟ್ಟಗಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯ ತಮ್ಮಾ, ಅವರ ಹೆಸರು ನನ್ನ ಬಾಯಾಗ ಹ್ಯಾಂಗ ಬರ್ಬೇಕೋ?"

"ಇದು ಬ್ಯಾರೆ ಹೆಸರಕ್ಕಾ!"

"ಹೆಸರು ಬ್ಯಾರೆ, ಗಂಡ ಅವನೇ ಅಲ್ಲೇನು?" ಅಖ್ತರ ಬೇಗಂ ತೀರ್ಪು ಕೊಟ್ಟಳು. "ನಾಳಿ ಕೂಸಿಗಿ 'ಏ ಸುರೇಂದ್ರ, ಕತ್ತಿ ಹಂಗ ಒದರಬ್ಯಾಡ' ಅಂತ ಬೈದ್ರ ಯಾರಿಗಿ ಬಡೀತದ? ಅಗೋ, ಅಲ್ಲಿ ಕುಂತವರಿಗಿ!"

ಹೆಂಗಸರ ನಗೆ ಅಂಗಳಕ್ಕೆ ಉರುಳಿತು. ದೇವಿಂದ್ರಪ್ಪ ಎದ್ದ.

"ಲಗೂ ಬ್ಯಾರೆ ಹೆಸರು ಹೇಳ್ರಿ," ಕೂಸಿನ ತಾಯಿ ಶಿವಕಾಂತಮ್ಮ ಹಿಂದಿನಿಂದ ಗಂಡನನ್ನು ಚಿವುಟಿದಳು. ಬೆವರಿದ ಸೂಗಪ್ಪನ ತಲೆಗೆ ಬಂದದ್ದು ಪೆಟ್ಟಿಗೆಗಳ ಮೇಲಿನ 'ಗಾಜು, ಜೋಕೆ' ಒಂದೇ.

"ನನ್ನ ಹೆಸರು ಇಟ್ಟೀಯೇನು?" ದೇವಿಂದ್ರಪ್ಪ ಒಳಗೆ ಬಂದು ಗುಡುಗಿದ. "ನನಗ ಒಂದು ಮಾತ ಕೇಳಲಾರ್ದ?"

"ಗೊತ್ತಿರಲಿಲ್ರಿ ಮಾವ, ಪೆಟ್ಟಿಗಿ ಮ್ಯಾಲ..."

ದೇವಿಂದ್ರಪ್ಪ ತೊಟ್ಟಿಲಿಗೆ ಬಾಗಿದ. ಅವನ ಮೀಸೆ ನಡುಗಿತು, ಕಣ್ಣಲ್ಲಿ ನೀರು.

"ಹುಟ್ಟಿದಾಗಿಂದ ನನಗ ಇಷ್ಟು ಮಾನ ಯಾರೂ ಕೊಟ್ಟಿಲ್ಲೋ ಸೂಗಾ," ಎಂದು ಕೂಸಿನ ಕಿವಿಯಲ್ಲಿ ತಾನೇ ಹೆಸರು ಹೇಳಿದ.

ಅಕ್ಕನ ಸಂಸಾರ ಉಳಿಯಿತೆಂದು ಸೂಗಪ್ಪ ಗೋಡೆಗೆ ಒರಗಿ ಉಸಿರುಬಿಟ್ಟ. ದೇವಿಂದ್ರಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ.

"ಇನ್ನ ಕೂಸಿಗಿ ಬೈದ್ರ ನನಗೇ ಬೈದಂಗ. ನೀವು ಬೈತೀರೋ ಇಲ್ಲೋ ನೋಡ್ಲಿಕ್ಕ ಯಾರರ ಇರಬೇಕಲ್ಲ? ಲಲಿತಾ, ಗಂಟು ಬಿಚ್ಚು. ಹುಡುಗ ಸಾಲಿಗಿ ಹೋಗೋ ತನಕ ನಾವಿಬ್ಬರೂ ಇಲ್ಲೇ ಇರಮು."