ಏಡಿಯ ಎಂಟನೆಯ ಹಲ್ಲು

ಕಲ್ಲಾದ ಏಡಿ ಕಚ್ಚುವುದಿಲ್ಲ ಎನ್ನುವವರು ನನ್ನ ಪಾಡು ಕೇಳಬೇಕು. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಬಂದ, ಕಲ್ಲು ಪರೀಕ್ಷಿಸುವ ಸಾಹೇಬರೊಬ್ಬರ ಬಳಿ ನಾನು ಚಿತ್ರ ಬರೆಯುವ ಹಂಗಾಮಿ ನೌಕರ. ಏಡಿಯ ಚಿತ್ರದಲ್ಲಿ ಒಂದು ಗೆರೆ ತಪ್ಪಿದರೂ ಮನೆಗೆ ಕಳಿಸುತ್ತೇನೆ ಎಂದಿದ್ದರು. ಅಂದಿನಿಂದ ಒಂದಿಲ್ಲೊಂದು ಫಜೀತಿ.

ಔರಾದ್ ದಾರಿಯಲ್ಲಿ

ಎಕಂಬಾದಲ್ಲಿ ಬಾವಿ ತೋಡುವಾಗ ಸಿಕ್ಕ ಏಡಿ ಅದು. ಕಾಲು ಗೀಲು ಏನೂ ಉಳಿದಿರಲಿಲ್ಲ, ಅಂಗೈಯಗಲದ ಬೆನ್ನುಚಿಪ್ಪು ಮಾತ್ರ. ಒಡೆದೀತೆಂಬ ಹೆದರಿಕೆಗೆ ಹಳೆಯ ಧೋತರದಲ್ಲಿ ಸುತ್ತಿ, ಎದೆಗವಚಿಕೊಂಡು ಬಂಡಿಯಲ್ಲಿ ಕೂತೆ. ಕುಲುಕಿದಾಗಲೆಲ್ಲ "ಸಾವಕಾಶರಿ, ಸಾವಕಾಶ" ಎನ್ನುತ್ತಿದ್ದೆ. ಭಾಲ್ಕಿ ಮುಟ್ಟಿದಾಗ ಬಂಡಿಯವ ಮೆಚ್ಚಿ ಹೇಳಿದ:

"ಕೂಸು ಭಾಳ ಶಾಣ್ಯಾ ಅದರಿ. ದಾರೀಲಿ ಒಮ್ಮಿನೂ ಅಳಲಿಲ್ಲ ನೋಡ್ರಿ!"

ಭಾಲ್ಕಿ ಪೇಟೆಯಲ್ಲಿ

ಚಿಪ್ಪಿನ ಅಗಲ, ಮೇಲಿನ ಗೀರು, ಅಂಚಿನಲ್ಲಿರುವ ಗರಗಸದಂಥ ಹಲ್ಲು: ಇವುಗಳಿಂದಲೇ ಅದು ಯಾವ ಬಗೆಯ ಏಡಿಯೆಂದು ಸಾಹೇಬರು ಹೇಳಬೇಕು. ನನ್ನ ಎಣಿಕೆಯಲ್ಲಿ ಹಲ್ಲು ಒಮ್ಮೆ ಏಳು, ಒಮ್ಮೆ ಎಂಟು. ಎಣಿಸುವುದರಲ್ಲೇ ಜನ್ಮ ಸವೆಸಿದವನೆಂದು ತೊಗರಿ ಅಳೆಯುವವನ ಮುಂದೆ ಹಿಡಿದೆ. ಅವನು ಪೇಟೆಯ ರೂಢಿಯಂತೆ ಒಂದರ ಬದಲು ಲಾಭ ಎಂದೇ ಶುರು ಮಾಡಿದ: "ಲಾಭ, ಎರಡು, ಮೂರು... ಏಳು ಅವ ನೋಡ್ರಿ." ಆಗಷ್ಟೇ ಎಂಟು ಎಣಿಸಿದ್ದ ನನ್ನ ಮುಖ ಬಾಡಿದ್ದು ಕಂಡು ಆಚೀಚೆ ನೋಡಿ, ದನಿ ತಗ್ಗಿಸಿದ:

"ನಿಮಗ ಎಷ್ಟು ಬೇಕಾಗಿದ್ದುವ್ರಿ?"

ಬೀದರಿನಲ್ಲಿ

ಏಳೇ ಹಲ್ಲು ಬರೆದು ಮುಗಿಸಿದೆ. ಸಾಹೇಬರು ನೋಡುವ ದಿನ ಬೆಳಿಗ್ಗೆ ಪೂಜೆ ಮಾಡಿ, ಗಾಬರಿಯಲ್ಲಿ ವಿಭೂತಿಯ ಕೈಯಿಂದಲೇ ಮತ್ತೆ ಎಣಿಸಲು ಕೂತೆ. ಚಿಪ್ಪೆಲ್ಲ ಬೆಳ್ಳಗಾಯಿತು. ಒರೆಸಿದಷ್ಟೂ ಪುಡಿ ಸಂದಿಗೆ ಇಳಿಯಿತು. ಅಷ್ಟರಲ್ಲಿ ಸಾಹೇಬರು ಬಂದರು. ಚಿಪ್ಪು ಹಾಗೆಯೇ ಅವರ ಕೈಗಿಟ್ಟೆ.

ಅವರು ಭೂತಗನ್ನಡಿ ಹಿಡಿದು ಬಗ್ಗಿದವರು ಏಳಲೇ ಇಲ್ಲ. ಬಿಳಿ ಪುಡಿಯಲ್ಲಿ ಅದುವರೆಗೆ ಕಾಣದ ಗೀರೊಂದು ಎದ್ದು ಕಂಡಿತ್ತು, ಪಕ್ಕದಲ್ಲಿ ಮುರಿದ ಎಂಟನೆಯ ಹಲ್ಲಿನ ಬುಡ. "ಇದು ಪುಸ್ತಕದಲ್ಲಿ ಎಲ್ಲೂ ಇಲ್ಲದ ಏಡಿ! ಚಿತ್ರ ತಿದ್ದು. ನಿನ್ನ ನೌಕರಿ ಖಾಯಂ" ಎಂದು ಚಿಪ್ಪು ಹಿಡಿದ ಬೆರಳುಗಳಿಂದಲೇ ಹಣೆಯ ಬೆವರು ಒರೆಸಿಕೊಂಡರು. ಹಣೆಯ ಮೇಲೆ ಮೂರು ಬಿಳಿ ಪಟ್ಟೆ ಅಚ್ಚುಕಟ್ಟಾಗಿ ಮೂಡಿದವು.

ಸಾಹೇಬರು ಹೊರಗೆ ಬಂದದ್ದೇ ಬಾಗಿಲಲ್ಲಿದ್ದ ಜವಾನ ಎದ್ದು ಕೈಮುಗಿದ: "ಶರಣು ಶರಣಾರ್ಥಿರಿ ಅಪ್ಪಾರ!" ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಮುದುಕರೂ ಬಾಗಿದರು. ಸಾಹೇಬರು ಉಬ್ಬಿಹೋಗಿ ನನ್ನತ್ತ ತಿರುಗಿದರು.

"ನೋಡಿದೆಯಾ? ಏಡಿಯ ಸುದ್ದಿ ಆಗಲೇ ಊರೆಲ್ಲ ಹಬ್ಬಿದೆ!"

ನೌಕರಿ ಖಾಯಂ ಆಗಿ ಇನ್ನೂ ಐದು ನಿಮಿಷ ಆಗಿರಲಿಲ್ಲ. "ಹೌದ್ರಿ ಸಾಹೇಬ್ರ" ಎಂದೆ.