ತಕರಾರು ಹೋದ ದಾರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಕರಾರು ಕೇಳುವುದೆಂದರೆ ನನಗೆ ಆಗಿಬರುವುದಿಲ್ಲ. ಕೃಷ್ಣೆಯ ದಂಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ದೇವರು ಇದಕ್ಕೊಂದು ಉಪಾಯವನ್ನೂ ಕೊಟ್ಟ. ಕಪ್ಪು ಪರದೆಯ ಮೇಲೆ ಅಪ್ಪಣೆ ಬರೆದು ಕೆಲಸ ಮಾಡಿಸುವವರಿಗೆ ಗೊತ್ತು, ಅಲ್ಲಿ ಪ್ರತಿ ಪ್ರೋಗ್ರಾಮಿಗೂ ಎರಡು ಬಾಯಿ. ಒಂದರಿಂದ ಉತ್ತರ, ಇನ್ನೊಂದರಿಂದ ತಕರಾರು. ಎರಡೂ ಒಂದೇ ಪರದೆಗೆ ಬಂದು ಬೀಳುವುದರಿಂದ ಅಕ್ಕಿಯಲ್ಲಿ ಕಲ್ಲು ಬೆರೆತ ಹಾಗಾಗುತ್ತದೆ. ಬಾಣದ ಗುರುತು ಹಾಕಿದರೆ ಉತ್ತರವೆಲ್ಲ ಫೈಲಿಗೆ ಹೋಗುತ್ತದೆ. ಬಾಣಕ್ಕೆ ಮೊದಲು ಎರಡರ ಅಂಕಿ ಬರೆದರೆ ತಕರಾರನ್ನು ಬೇರೆ ಕಡೆ ತಿರುಗಿಸಬಹುದು. ಅದನ್ನು ನುಂಗಲೆಂದೇ ‘ನಲ್’ ಎಂಬ ತಳವಿಲ್ಲದ ಬಾವಿಯೊಂದಿದೆ. ಅಲ್ಲಿ ಬಿದ್ದದ್ದು ಮತ್ತೆ ಸಿಗುವುದಿಲ್ಲ. ಇಂಥ ಬಾವಿ ಮನೆಯಲ್ಲೂ ಇರಬಾರದಿತ್ತೇ ಎಂದು ಎಷ್ಟೋ ಸಲ ಅನಿಸಿದೆ.

ಈ ಹಂಗಾಮಿನಲ್ಲಿ ಕಬ್ಬು ಕಡಿಯುವ ಪಾಳಿಯ ಪಟ್ಟಿ ತೆಗೆಯಬೇಕಿತ್ತು. ರೈತರ ಹೆಸರಿನ ಫೈಲನ್ನು ಪ್ರೋಗ್ರಾಮಿಗೆ ಉಣಿಸಿದೆ, ಉತ್ತರವನ್ನು ಪಟ್ಟಿಗೆ ಕಳಿಸಿದೆ, ತಕರಾರನ್ನು ಬಾವಿಗೆ ನೂಕಿದೆ. ಪಟ್ಟಿ ತೊಳೆದಿಟ್ಟ ತಟ್ಟೆಯಂತೆ ಬಂತು. ಸಾಹೇಬರು ಶಾಬಾಸ್ ಅಂದರು, ನಾನೂ ಎರಡು ದಿನ ಸ್ವಲ್ಪ ಎದೆಯುಬ್ಬಿಸಿ ಓಡಾಡಿದೆ.

ತಿಂಗಳಾದ ಮೇಲೆ ಐಗಳಿಯಿಂದ ನನ್ನ ಮಾವನವರು ಕಚೇರಿಗೇ ಬಂದರು. ಕಬ್ಬಿನ ತುದಿಯ ಬಿಳಿ ತುರಾಯಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಹೂ ಬಂದ ಕಬ್ಬು ದಿನದಿನಕ್ಕೆ ಒಳಗೆ ಬೆಂಡಾಗುತ್ತದೆ, ಅದು ಇಲ್ಲಿ ಯಾರಿಗೂ ಹೇಳಬೇಕಾದದ್ದಲ್ಲ.

"ಅಳಿಯಾರ, ನನ್ನ ಆಜೂಬಾಜೂದವರ ಕಬ್ಬೆಲ್ಲಾ ಹೋತ್ರಿ. ಕಡಿಯೋ ಟೋಳಿ ನನ್ನ ಹೊಲದ ಬದುವಿಗೆ ಬಂದು ಹೊಳ್ಳಿ ಹೋಗಾಕತ್ತೈತಿ. ಪಟ್ಟ್ಯಾಗ ನನ್ನ ಹೆಸರ ಇಲ್ಲಂತ," ಎಂದರು. ಸಿಟ್ಟಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಎರಡರ ಅಂಕಿಯನ್ನೂ ಅದರ ಬಾಣವನ್ನೂ ತೆಗೆದು ಪ್ರೋಗ್ರಾಮನ್ನು ಮತ್ತೆ ಓಡಿಸಿದೆ. ಒಂದೇ ಒಂದು ತಕರಾರು ಬಂತು. ಮಾವನವರ ಹೊಲಕ್ಕೆ ನಾಟಿಯ ದಿನ ಬರೆದಿಲ್ಲ, ಆದ್ದರಿಂದ ಬಿಟ್ಟಿದ್ದೇನೆ ಎಂದು. ಮಾವನವರ ಕಬ್ಬೆಂಬ ಅಭಿಮಾನದಿಂದ ಆ ಸಾಲನ್ನು ನಾನೇ ಕೈಯಾರೆ ತುಂಬಿದ್ದೆ. ಪಾಪದ ಪ್ರೋಗ್ರಾಮು ಮೊದಲ ದಿನವೇ ಕೂಗಿ ಹೇಳಿತ್ತು. ದಿನ ಬರೆದೆ, ಸಾಹೇಬರ ಮುಂದೆ ತಪ್ಪೊಪ್ಪಿಕೊಂಡೆ, ಮರುದಿನವೇ ಟೋಳಿ ಹೊಲಕ್ಕೆ ಇಳಿಯಿತು.

ಈಗ ತಕರಾರಿಗೆಂದೇ ಒಂದು ಫೈಲು ಮಾಡಿದ್ದೇನೆ. ದಿನಾ ಬೆಳಿಗ್ಗೆ ಚಹಾದ ಜೊತೆ ಓದುತ್ತೇನೆ. ಆದರೆ ಮಾವನವರು ಕಚೇರಿಗೆ ಬಂದ ದಿನ ಸಂಜೆ ಮನೆಗೆ ಹೋದವನೇ, ನಿಮ್ಮಪ್ಪನ ಕಬ್ಬು ನಿಂತದ್ದನ್ನು ನೀನಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಹೆಂಡತಿಯ ಮೇಲೆ ಹರಿಹಾಯ್ದಿದ್ದೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹದಿನೈದ ದಿನದಿಂದ ದಿನಾ ಹೇಳಾಕತ್ತೀನ್ರಿ. ದಿನಾ ಹೂಂ ಅಂದೀರಿ."