ಸಣ್ಣ ಉರಿಯಲ್ಲೊಂದು ಸಂಬಂಧ

ಆ ಶನಿವಾರ ಬೆಳಿಗ್ಗೆ ಅವನು ತಿಂಡಿ ತಿನ್ನದೆ ಅಂಗಡಿಗೆ ಬಂದದ್ದೇ ಎಲ್ಲ ಫಜೀತಿಗೂ ಮೂಲ. ತಿನ್ನಬೇಡವೆಂದು ಹೇಳಿಕೊಟ್ಟವನು ಪಕ್ಕದಂಗಡಿಯ ಟೈಲರ್.

"ಹುಡುಗಿ ಅಪ್ಪ ಊಟಕ್ಕೆ ಕರೆದಿದಾರೆ ಅಂದ್ರೆ ಹೊಟ್ಟೆ ಪೂರ್ತಿ ಖಾಲಿ ಇಟ್ಕೊಂಡು ಹೋಗ್ಬೇಕು ಕಣಯ್ಯ. ತಟ್ಟೇಲಿ ಬಿಟ್ಟೆಯೋ, ಹುಡುಗೀನೂ ಬಿಟ್ಟ ಹಾಗೇ" ಎಂದು ಟೈಲರ್ ಹಿಂದಿನ ಸಂಜೆಯೇ ಹೆದರಿಸಿದ್ದ. ಆದ್ದರಿಂದ ಅವನು ರಾತ್ರಿ ಊಟವನ್ನೂ ಅರ್ಧಕ್ಕೇ ಮುಗಿಸಿದ್ದ.

ಅವನದು ಫೋಟೋ ಸ್ಟುಡಿಯೋ. 'ಕೂತು ಏಳುವುದರೊಳಗೆ ಪಾಸ್‌ಪೋರ್ಟ್ ಫೋಟೋ' ಎಂಬ ಬೋರ್ಡು ನೋಡಿ ಆ ಸಾಲಿನ ಅಂಗಡಿಯವರೆಲ್ಲ ಅವನಿಗೆ ಅರ್ಜೆಂಟ್ ಎಂದೇ ಹೆಸರಿಟ್ಟಿದ್ದರು. ಹೆಸರು ಸುಳ್ಳಲ್ಲ. ಚಹಾ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುವವನು, ಲಿಫ್ಟಿನ ಗುಂಡಿ ಒತ್ತಿ, ಕಾಯಲಾರದೆ ಮೆಟ್ಟಿಲು ಹತ್ತಿ, ಖಾಲಿ ಲಿಫ್ಟನ್ನು ಮೇಲೆ ನಿಂತು ಸ್ವಾಗತಿಸುವವನು. 'ನಗಿ' ಎಂದು ಹೇಳಿ, ಎದುರಿನವರು ನಗುವ ಮೊದಲೇ ಕ್ಲಿಕ್ ಮಾಡಿಬಿಡುತ್ತಿದ್ದನಾದ್ದರಿಂದ ಊರಿನ ಅರ್ಧ ಜನ ತಮ್ಮ ಗುರುತಿನ ಚೀಟಿಗಳಲ್ಲಿ ಇನ್ನೇನು ಸೀನಲಿರುವವರಂತೆ ಕಾಣುತ್ತಿದ್ದರು.

ಇಂಥವನಿಗೂ ಎದುರು ಸಾಲಿನ ಕನ್ನಡಕದಂಗಡಿಯ ಹುಡುಗಿಗೂ ಮನಸ್ಸು ಕೂಡಿತ್ತು. ಅವಳ ಮನೆಯವರ ಒಪ್ಪಿಗೆಯೊಂದು ಬಾಕಿ. ಅವಳ ಅಪ್ಪ ಹಳೆಯ ಗೋಡೆ ಗಡಿಯಾರಗಳನ್ನು ರಿಪೇರಿ ಮಾಡುವವರು. ಅವರ ಕೈಗೆ ಅಜ್ಜ ಕೊಟ್ಟ ಗಡಿಯಾರವನ್ನು ಮೊಮ್ಮಗ ಬಂದು ಬಿಡಿಸಿಕೊಂಡು ಹೋಗುತ್ತಾನೆಂದು ಪ್ರತೀತಿ. ಅವಸರವೆಂದರೆ ಅವರಿಗೆ ಮೈಯೆಲ್ಲ ಉರಿ. ಅವರು ಊಟಕ್ಕೆ ಕರೆದದ್ದು, ಒಂದೇ ಒಂದು ಪದಾರ್ಥವನ್ನು ಹಿಂದಿನ ದಿನದಿಂದಲೇ ಕೆಂಡದ ಮೇಲಿಟ್ಟು ಬೇಯಿಸುವ ಒಂದು ಪುಟ್ಟ ಹೋಟೆಲಿಗೆ.

"ಗಡಿಯಾರ ನೋಡ್ಬೇಡ. ಕಾಲು ಕುಣಿಸ್ಬೇಡ. ಊಟ ಯಾವಾಗ ಬರುತ್ತೆ ಅಂತ ಮಾತ್ರ ಸತ್ರೂ ಕೇಳ್ಬೇಡ" ಎಂದು ಹುಡುಗಿ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಬಂದು ಎಚ್ಚರಿಸಿ ಹೋದಳು. "ಹೋದ ಸಲ ಒಬ್ಬ ಬಂದಿದ್ದ. ಮನೆಕಡೆಯವರು ನೋಡಿದ ಸಂಬಂಧ. ಯಾವಾಗ ಅಂತ ಕೇಳಿದ. ಅಪ್ಪ ಅವನನ್ನ ಬಾಗಿಲ ತನಕ ಕಳಿಸಿ ಬಂದ್ರು."

ಈ ಮಾತು ಗೋಡೆಯಾಚೆಗೆ ಟೈಲರನಿಗೂ ಕೇಳಿತು. ಅವನು ಅಳತೆ ಪಟ್ಟಿಯನ್ನು ಕೊರಳಲ್ಲಿ ತೂಗುಹಾಕಿಕೊಂಡೇ ಓಡಿಬಂದ. "ಈ ಶರ್ಟಲ್ಲಿ ಹೋಗ್ತೀಯಾ? ತಾಳು" ಎಂದವನೇ ಒಂದು ಕೋಟು ತಂದು ಅವನಿಗೆ ತೊಡಿಸಿದ. ಯಾರೋ ಗಿರಾಕಿಯದು. ಆ ಗಿರಾಕಿ ಕಡ್ಡಿಯಂಥ ಮನುಷ್ಯನಿರಬೇಕು. ಗುಂಡಿ ಹಾಕಿದ ಮೇಲೆ ನಮ್ಮ ಅರ್ಜೆಂಟ್ ಉಸಿರನ್ನು ಕಂತುಗಳಲ್ಲಿ ಎಳೆದುಕೊಳ್ಳಬೇಕಾಯಿತು.

"ಬಿಗಿಯಾಗಿದೆಯಲ್ಲೋ."

"ಬಿಗಿಯಾಗಿದ್ರೇನೇ ಗಾಂಭೀರ್ಯ."

ಅಷ್ಟರಲ್ಲಿ ಔಷಧಿ ಅಂಗಡಿಯ ಅಕ್ಕನೂ ಬಂದಳು. ಆ ಸಾಲಿನಲ್ಲಿ ಯಾರಿಗೇನು ನಡೆದರೂ ಒಂದು ಬಾಟಲಿ ಹಿಡಿದು ಬರುವುದು ಅವಳ ಸ್ವಭಾವ. "ಹೆದರಿಕೆಗೆ ಹೊಟ್ಟೆ ಕಟ್ಟಿಬಿಡುತ್ತೆ. ಇದನ್ನ ಕುಡಿ, ಹಸಿವು ಚೆನ್ನಾಗಿ ಆಗುತ್ತೆ. ಮಕ್ಕಳಿಗೆ ಕೊಡೋದು, ಏನೂ ಆಗಲ್ಲ" ಎಂದು ಒಂದು ಮುಚ್ಚಳ ಕುಡಿಸಿದಳು. ಟೈಲರ್, "ಇವನೇನು ಮಗುವಾ?" ಎಂದು ಇನ್ನೂ ಎರಡು ಮುಚ್ಚಳ ಸುರಿದ.

ಹೋಟೆಲ್ ತಲುಪುವ ಹೊತ್ತಿಗೆ ಆ ಔಷಧಿ ತನ್ನ ಕೆಲಸ ಶುರುಮಾಡಿತ್ತು. ದಾರಿಯಲ್ಲಿ ಒಂದು ಸೋಪಿನ ಜಾಹೀರಾತು ನೋಡಿ ಅವನ ಬಾಯಲ್ಲಿ ನೀರೂರಿತು.

ಒಳಗೆ ಬೆರಳೆಣಿಕೆಯ ಮೇಜುಗಳು, ಸುಣ್ಣ ಬಳಿದ ಗೋಡೆ, ಹಿಂದೊಂದು ಅಡುಗೆಮನೆಯ ಬಾಗಿಲು. ಹುಡುಗಿ, ಮನೆಯ ಯಜಮಾನರಾದ ಅವಳಪ್ಪ ಇಬ್ಬರೂ ಆಗಲೇ ಕೂತಿದ್ದರು. ಇವನು ನಮಸ್ಕಾರ ಹೇಳಿ, ಕೋಟು ಹರಿಯದಂತೆ ನೆಟ್ಟಗೆ ಗೂಟದ ಹಾಗೆ ಕೂತ.

"ಕೂರೋ ಭಂಗಿ ಚೆನ್ನಾಗಿದೆ. ಈಗಿನವರು ಕುರ್ಚೀಲಿ ಸುರಿದುಕೊಂಡ ಹಾಗೆ ಕೂರ್ತಾರೆ" ಎಂದರು ಯಜಮಾನರು. ಹುಡುಗಿ ಮೇಜಿನ ಕೆಳಗೆ ಅವನ ಕಾಲನ್ನು ಸಂತೋಷದಿಂದ ತುಳಿದಳು.

ವಯಸ್ಸಾದ ಮಾಣಿಯೊಬ್ಬ ಬಂದು ಮೂರು ಲೋಟ ನೀರಿಟ್ಟ. ಆಮೇಲೆ ಒಳಗೆ ಹೋದವನು ಹೋದವನೇ.

ಯಜಮಾನರು ಮಾತು ಶುರುಮಾಡಿದರು. ಅವರ ಒಂದು ವಾಕ್ಯದ ಮೊದಲ ಪದಕ್ಕೂ ಕೊನೆಯ ಪದಕ್ಕೂ ನಡುವೆ ಒಂದು ಪಾಸ್‌ಪೋರ್ಟ್ ಫೋಟೋ ತೆಗೆದು, ತೊಳೆದು, ಕತ್ತರಿಸಿ ಕೊಡಬಹುದಿತ್ತು. ಗಡಿಯಾರದ ಲೋಲಕದ ಬಗ್ಗೆ ಹೇಳಿದರು. ಲೋಲಕದ ಸರಳಿನ ಬಗ್ಗೆ ಹೇಳಿದರು. ಆ ಸರಳಿನ ತುದಿಯ ತಿರುಪಿನ ಬಗ್ಗೆ ಹೇಳುವಾಗ ಅಡುಗೆಮನೆಯ ಬಾಗಿಲು ಒಂದಿಷ್ಟು ತೆರೆದು, ವಾಸನೆ ಹೊರಗೆ ಬಂತು.

ಅದು ಅಂತಿಂಥ ವಾಸನೆಯಲ್ಲ. ಈರುಳ್ಳಿ ತಾನು ಈರುಳ್ಳಿಯೆಂಬುದನ್ನೇ ಮರೆತು ಜೇನಾಗುವ ತನಕ ಬೆಂದ ವಾಸನೆ. ಮೂಳೆಯೊಳಗಿನ ರಸ ಮೆಲ್ಲಗೆ ಹೊರಬಂದು ಬೆಳ್ಳುಳ್ಳಿಯ ಜೊತೆ ಮಾತಿಗೆ ಕೂತ ವಾಸನೆ. ಅರ್ಜೆಂಟ್ ಕಣ್ಣು ಮುಚ್ಚಿದ. ಅವನ ಹೊಟ್ಟೆ ಮಾತ್ರ ಸುಮ್ಮನಿರಲಿಲ್ಲ, ಗರ್‌ರ್ ಎಂದು ಉದ್ದಕ್ಕೆ ಎಳೆಯಿತು.

ಯಜಮಾನರು ಮಾತು ನಿಲ್ಲಿಸಿ ಕಿವಿ ನಿಮಿರಿಸಿದರು. "ಇಲ್ಲೆಲ್ಲೋ ಹಳೇ ಗಡಿಯಾರ ಇದೆ. ಗಂಟೆ ಹೊಡೆಯೋಕೆ ಮುಂಚೆ ಸ್ಪ್ರಿಂಗು ಹೀಗೇ ಸದ್ದು ಮಾಡುತ್ತೆ."

"ಇರ್ಬಹುದು ಸರ್" ಎಂದ ಅವನು, ಹೊಟ್ಟೆಯನ್ನು ಎರಡೂ ಕೈಯಿಂದ ಅಮುಕಿ ಹಿಡಿದು.

ಮಾಣಿ ಮತ್ತೆ ಕಾಣಿಸಿಕೊಂಡ. ಮೂವರೂ ಒಟ್ಟಿಗೆ ತಲೆಯೆತ್ತಿದರು. ಅವನು ಬಂದು ನೀರಿನ ಲೋಟಗಳನ್ನು ತುಂಬಿ, "ಮುಚ್ಚಳದ ಹಿಟ್ಟು ಇನ್ನೂ ಬಿರಿದಿಲ್ಲ" ಎಂದು ಯಾರೋ ದೊಡ್ಡ ಮನುಷ್ಯರ ಆರೋಗ್ಯದ ಸುದ್ದಿ ಕೊಡುವವನಂತೆ ಹೇಳಿ ಹೋದ. ಮಡಕೆಯ ಮುಚ್ಚಳಕ್ಕೆ ಸುತ್ತಲೂ ಹಿಟ್ಟು ಮೆತ್ತಿ, ಅದು ತಾನಾಗಿ ಬಿರಿಯುವ ತನಕ ಯಾರೂ ಮುಟ್ಟುವಂತಿಲ್ಲವೆಂಬುದು ಅಲ್ಲಿಯ ಕಟ್ಟುಪಾಡು.

ಕಿಟಕಿಯಿಂದ ಬಿದ್ದ ಬಿಸಿಲು ಮೇಜಿನ ಮೇಲಿಂದ ನೆಲಕ್ಕಿಳಿಯಿತು. ನೆಲದಿಂದ ಗೋಡೆಗೆ ಹತ್ತಿತು. ಅರ್ಜೆಂಟ್‌ಗೆ ಯಜಮಾನರ ಬೋಳುತಲೆ ಹದವಾಗಿ ಬೆಂದ ಮೊಟ್ಟೆಯಂತೆ ಕಾಣತೊಡಗಿತು. ಉಪ್ಪಿನ ಡಬ್ಬಿಯ ಕಡೆ ತನ್ನ ಕೈ ಹೋಗುತ್ತಿರುವುದು ಗೊತ್ತಾಗಿ, ಇನ್ನು ಇಲ್ಲಿ ಕೂತರೆ ಅನಾಹುತವಾದೀತೆಂದು ಎದ್ದ.

"ಕೈ ತೊಳ್ಕೊಂಡು ಬರ್ತೀನಿ ಸರ್."

ಕೈ ತೊಳೆಯುವ ಜಾಗದ ಪಕ್ಕದಲ್ಲೊಂದು ಹಿಂಬಾಗಿಲು. ಅದರಾಚೆ ಒಂದು ಓಣಿ. ಓಣಿಯ ತುದಿಗೆ ಒಂದು ಬೇಕರಿ. ಅವನು ಕೈ ತೊಳೆಯಲಿಲ್ಲ.

"ಏನ್ ಕೊಡ್ಲಿ?" ಎಂದ ಬೇಕರಿಯವನು.

"ಏನು ಹತ್ತಿರ ಇದೆಯೋ ಅದು."

ಹತ್ತಿರವಿದ್ದದ್ದು ಬನ್ನು. ಮೊದಲನೆಯದು ಗಂಟಲಿಗೆ ಗೊತ್ತಾಗದಂತೆ ಇಳಿಯಿತು. ಎರಡನೆಯದು ಅದನ್ನು ಹುಡುಕಿಕೊಂಡು ಹೋಯಿತು. ಆಮೇಲಿನವು ಎಷ್ಟೆಂದು ಬೇಕರಿಯವನೂ ಹೇಳಲಾರ. ಕೋಟಿನ ಹೊಲಿಗೆ ನರಳತೊಡಗಿದಾಗ ಅವನಿಗೆ ಸ್ವಲ್ಪ ಜೀವ ಬಂತು. ಕಡೆಯದೆಂದು ಇನ್ನೊಂದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ ಹೊತ್ತಿಗೆ ಹಿಂದಿನಿಂದ ಯಾರೋ ಬಂದಂತಾಯಿತು.

"ಬನ್ನಿ ಯಜಮಾನ್ರೇ, ಮಾಮೂಲಾ?" ಎಂದ ಬೇಕರಿಯವನು.

ಅರ್ಜೆಂಟ್ ತಿರುಗಿ ನೋಡಿದ. ಹುಡುಗಿಯ ಅಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇವನ ಎರಡೂ ಕೆನ್ನೆಯಲ್ಲಿ ಬನ್ನು ತುಂಬಿದ್ದರಿಂದ ಮೊದಲು ಮಾತಾಡುವ ಜವಾಬ್ದಾರಿ ಯಜಮಾನರ ಮೇಲೇ ಬಿತ್ತು.

"ಸ್ವಲ್ಪ ಗಾಳಿಗೆ ಅಂತ ಬಂದೆ" ಎಂದರು ಅವರು.

ಬೇಕರಿಯವನು ಎರಡು ಬೆಣ್ಣೆ ಬನ್ನುಗಳನ್ನು ಕಾಗದದಲ್ಲಿಟ್ಟು ಅವರ ಮುಂದೆ ಸರಿಸಿದ. ಯಜಮಾನರು ಅದನ್ನು ನೋಡಿದರು, ಇವನನ್ನು ನೋಡಿದರು, ಮತ್ತೆ ಬನ್ನನ್ನು ನೋಡಿದರು. ಆಮೇಲೆ, ಜೀವಮಾನದಲ್ಲೇ ಮೊದಲ ಸಲವೆಂಬಂತೆ, ಭಾರೀ ವೇಗದಲ್ಲಿ ಎರಡನ್ನೂ ತಿಂದು ಮುಗಿಸಿ ಇನ್ನೆರಡು ಕೇಳಿದರು.

"ನೋಡಪ್ಪಾ" ಎಂದರು ಮೀಸೆ ಒರೆಸಿಕೊಳ್ಳುತ್ತ. ಅಲ್ಲಿಯವರೆಗೆ ಅವರ ಬಾಯಲ್ಲಿ ಬಹುವಚನದಲ್ಲಿದ್ದವನು ಈಗ ಏಕವಚನಕ್ಕೆ ಬಂದಿದ್ದ. "ನೀನು ನನ್ನ ನೋಡಿಲ್ಲ. ನಾನು ನಿನ್ನ ನೋಡಿಲ್ಲ. ನನ್ನ ಮಗಳ ಕಣ್ಣಲ್ಲಿ ನಾನು ತಾಳ್ಮೆಯ ಮನುಷ್ಯ. ಅದು ಹಾಗೇ ಇರ್ಲಿ."

"ಆಗ್ಲಿ ಸರ್" ಎನ್ನಲು ಹೋದ ಅವನ ಬಾಯಿಂದ ಬನ್ನಿನ ಪುಡಿ ಹಾರಿತು. ಯಜಮಾನರು ತಂದೆಯ ವಾತ್ಸಲ್ಯದಿಂದ ಅವನ ಕೋಟು ಕೊಡವಿದರು.

ಇಬ್ಬರೂ ಬೇರೆ ಬೇರೆಯಾಗಿ ಒಳಗೆ ಬಂದು ಕೂತರು. ಹುಡುಗಿ ಕೈಕಟ್ಟಿ ಶಾಂತವಾಗಿ ಕೂತಿದ್ದಳು. "ನನಗೇನೂ ಹಸಿವಿಲ್ಲಪ್ಪ. ಎಷ್ಟು ಹೊತ್ತಾದ್ರೂ ಕಾಯಬಹುದು" ಎಂದಳು. ಅವಳ ಗಲ್ಲದ ಮೇಲೆ ಒಂದಿಷ್ಟು ಜಾಮು ಮೆತ್ತಿಕೊಂಡಿತ್ತು. ಗಂಡಸರಿಬ್ಬರೂ ಅದನ್ನು ನೋಡಿದರು. ಇಬ್ಬರೂ ಗೋಡೆಯ ಕಡೆ ತಿರುಗಿ ಸುಣ್ಣದ ಬಣ್ಣವನ್ನು ಮೆಚ್ಚಿಕೊಂಡರು.

ಸರಿಯಾಗಿ ಆಗಲೇ ಹಿಟ್ಟು ಬಿರಿಯಿತು.

ಮಾಣಿ ಮಡಕೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ನಡುವೆ ಇಟ್ಟು, ಮುಚ್ಚಳ ಎತ್ತಿದ. ಹಬೆ ಎದ್ದು ಮೂವರ ಮುಖವನ್ನೂ ಸವರಿತು. ಗಾಢ ಕಂದು ರಸದಲ್ಲಿ ಮಾಂಸ ಮೂಳೆಯನ್ನು ಬಿಟ್ಟು ತಾನಾಗಿಯೇ ಜಾರುತ್ತಿತ್ತು. ಗಜ್ಜರಿ ಚಮಚ ಕಂಡರೇ ಕರಗುವಂತಿತ್ತು. ಅರ್ಜೆಂಟ್ ಒಂದು ತುತ್ತು ಬಾಯಿಗಿಟ್ಟ.

ಅವನ ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಅಂಥದ್ದನ್ನು ಅವನು ತಿಂದಿರಲಿಲ್ಲ. ಅದನ್ನು ಅಗಿಯುವಂತಿರಲಿಲ್ಲ, ನುಂಗುವಂತೆಯೂ ಇರಲಿಲ್ಲ. ಅದು ನಾಲಿಗೆಯ ಮೇಲೆ ಕೂತು, ಒಂದೊಂದೇ ರುಚಿಯನ್ನು ಬಿಚ್ಚಿ ತೋರಿಸಿ, ತಾನಾಗಿ ಹೋಗುತ್ತಿತ್ತು. ಇಷ್ಟು ದಿನ ತಾನು ಊಟವನ್ನು ಬರೀ ಒಳಗೆ ಎಸೆಯುತ್ತಿದ್ದೆನಲ್ಲ ಎಂದು ಮೊದಲ ಬಾರಿಗೆ ನಾಚಿಕೆಯಾಯಿತು. ಎರಡನೆಯ ತುತ್ತು ಎತ್ತಿಕೊಂಡ. ಒಳಗೆ ಜಾಗವಿರಲಿಲ್ಲ. ಬನ್ನುಗಳು ನೀರು ಕುಡಿದು ಉಬ್ಬಿ, ಹೊಸಬರನ್ನು ಒಳಗೆ ಬಿಡದ ಬಸ್ಸಿನ ಜನರಂತೆ ಬಾಗಿಲಿಗೆ ಅಡ್ಡ ನಿಂತಿದ್ದವು.

"ಹುಡುಗರು ಚೆನ್ನಾಗಿ ತಿನ್ಬೇಕು" ಎಂದು ಯಜಮಾನರು ತಮ್ಮ ತಟ್ಟೆಯದನ್ನೆಲ್ಲ ಅವನ ತಟ್ಟೆಗೆ ಬಗ್ಗಿಸಿದರು.

"ನಂದೂ ತಗೋ. ನಿನಗೆ ಇಷ್ಟ ಆಗಿದೆ ಅಂತ ಕಣ್ಣೇ ಹೇಳ್ತಿದೆ" ಎಂದು ಹುಡುಗಿಯೂ ಸುರಿದಳು.

ಬೇಡವೆನ್ನಲು ಬಾಯಿ ತೆರೆದ. ಟೈಲರನ ಮಾತು ನೆನಪಾಗಿ, ತೆರೆದ ಬಾಯಿಗೆ ತುತ್ತಿಟ್ಟ. ತಿಂದ. ಸ್ವರ್ಗವೂ ಸಂಕಟವೂ ಒಂದೇ ಚಮಚದಲ್ಲಿ ಬರತೊಡಗಿದವು. ಕೋಟಿನ ಮೇಲಿನ ಗುಂಡಿ ಹಾರಿ ಯಜಮಾನರ ನೀರಿನ ಲೋಟಕ್ಕೆ ಬಿತ್ತು. ಅವರು ಸದ್ದಿಲ್ಲದೆ ಅದನ್ನು ತೆಗೆದು ಜೇಬಿಗಿಟ್ಟುಕೊಂಡರು. ಉಳಿದ ಗುಂಡಿಗಳೂ ಅದರ ದಾರಿ ಹಿಡಿದವು. ಬೆನ್ನಿನ ಹೊಲಿಗೆ ಪರ್‌ರ್ ಎಂದು ಬಿಟ್ಟಾಗ ಅವನಿಗೆ ಇನ್ನೊಂದಿಷ್ಟು ಜಾಗ ಸಿಕ್ಕಿತು. ಮಡಕೆಯ ತಳ ಕಂಡಿತು.

ಆಗ ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನರೆತ ಕೂದಲು, ಮೊಣಕೈ ತನಕ ಹಿಟ್ಟು. ಆಕೆ ಮಡಕೆಯೊಳಗೆ ಇಣುಕಿ, ಅರ್ಜೆಂಟ್‌ನ ಹರಿದ ಬೆನ್ನು ನೋಡಿ, ಯಜಮಾನರ ಕಡೆ ತಿರುಗಿದಳು.

"ಏನೋ ತಮ್ಮಾ, ಹುಡುಗ ಇವನೇನಾ?"

"ಹೂಂ ಅಕ್ಕಾ."

ಅರ್ಜೆಂಟ್ ಹುಡುಗಿಯನ್ನು ನೋಡಿದ. "ನಮ್ಮತ್ತೆ. ಅಮ್ಮ ಹೋದ ಮೇಲೆ ನನ್ನ ಸಾಕಿದವರು ಇವರೇ" ಎಂದು ಅವಳು ಪಿಸುಗುಟ್ಟಿದಳು. "ಒಪ್ಪೋದು ಬಿಡೋದು ಇವರ ಕೈಲಿ. ನಿನಗೆ ಹೇಳಬಾರ್ದು ಅಂತ ಆಣೆ ಹಾಕಿಸಿದ್ರು. ಹೇಳಿದ್ರೆ ಬಂದೋರು ತಿನ್ನೋದು ಬಿಟ್ಟು ಹೊಗಳೋಕೆ ಶುರು ಮಾಡ್ತಾರಂತೆ."

ಅತ್ತೆ ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. "ನನ್ನ ಮಡಕೆ ಖಾಲಿಯಾಗಿ ವಾಪಸ್ ಬಂದು ಎಷ್ಟು ಕಾಲ ಆಯ್ತೋ. ಈ ನನ್ನ ತಮ್ಮ, ಈ ಮಗಳು, ಇಬ್ರೂ ಗುಬ್ಬಚ್ಚಿ ಥರ ಕುಕ್ಕಿ ಏಳ್ತಾರೆ. ಯಾಕೋ ಏನೋ, ಇಲ್ಲಿಗೆ ಬಂದ್ರೆ ಇವರಿಗೆ ಹಸಿವೇ ಇರಲ್ಲ" ಎಂದಳು. ತಂದೆ ಮಗಳು ಇಬ್ಬರೂ ಒಟ್ಟಿಗೆ ನೀರು ಕುಡಿದರು. "ನೀನು ಕೋಟು ಹರಿದ್ರೂ ಲೆಕ್ಕಿಸದೆ ಉಂಡೆಯಲ್ಲಪ್ಪ. ನನ್ನ ಕಡೆಯಿಂದ ಪೂರ್ತಿ ಒಪ್ಪಿಗೆ."

ಹುಡುಗಿಯ ಮುಖ ಅರಳಿತು. ಯಜಮಾನರು ಅವನ ಕೈ ಕುಲುಕಿ, ಗುಂಡಿಗಳನ್ನೂ ಅದೇ ಕೈಯಲ್ಲಿ ವಾಪಸು ಕೊಟ್ಟರು. ಅವನಿಗೆ ಎದ್ದು ಕುಣಿಯಬೇಕೆನ್ನಿಸಿತು, ಏಳಲಾಗಲಿಲ್ಲ.

"ಇನ್ನು ನಮ್ಮ ದೊಡ್ಡಕ್ಕ ಒಬ್ಬಳು ಹೂಂ ಅಂದ್ರೆ ಮುಗೀತು" ಎಂದಳು ಅತ್ತೆ. "ಪಕ್ಕದ ಊರಲ್ಲೇ ಇದಾಳೆ."

ಬೆಳಗಿನಿಂದ ಅದುಮಿಟ್ಟಿದ್ದ ಅವಸರವೆಲ್ಲ ಅವನ ಬಾಯಿಗೆ ಬಂತು. "ಈಗಲೇ ಫೋನ್ ಮಾಡಿ ಕೇಳಿಬಿಡೋಣ್ವಾ?"

"ಫೋನಲ್ಲೆಲ್ಲ ಆಗಲ್ಲ. ಅವಳ ಮನೇಲಿ ಕೂತು ಉಂಡವರ ಹತ್ರ ಮಾತ್ರ ಅವಳು ಮಾತಾಡೋದು. ಒಲೆ ಹಚ್ಚು ಅಂತ ಆಗಲೇ ಹೇಳಿ ಕಳಿಸಿದೀನಿ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೊರಡಿ. ನನಗೆ ಅಡುಗೆ ಕಲಿಸಿದವಳೇ ಅವಳು. ಆಮೇಲೆ ನನ್ನನ್ನ ಅಡುಗೆಮನೆಯಿಂದ ಓಡಿಸಿದವಳೂ ಅವಳೇ."

"ಓಡಿಸಿದ್ರಾ? ಯಾಕೆ?" ಎಂದ ಅರ್ಜೆಂಟ್, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಅತ್ತೆ ನಿಟ್ಟುಸಿರುಬಿಟ್ಟಳು. "ನಾನು ಎಲ್ಲಾನೂ ತುಂಬ ಅವಸರದಲ್ಲಿ ಬೇಯಿಸ್ತೀನಂತೆ."